ಅಕ್ಕ ಕೇಳದೆ ಬಿಟ್ಟ ಪ್ರಶ್ನೆ

ಬೀಗದ ಕೈ ಮಾಡಿಕೊಡುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಕೆಲಸ ಮಾಡುವ ಈ ಹೆಂಗಸನ್ನು ಬೀದಿಯವರೆಲ್ಲ ಪ್ಲಾನಕ್ಕ ಎಂದೇ ಕರೆಯುತ್ತಾರೆ. ಮನೆ ಕಟ್ಟುವ ಪ್ಲಾನ್ ಅಲ್ಲ. ಹಾಗಂದುಕೊಂಡು ಸೈಟಿನ ಅಳತೆ ಹಿಡಿದು ಮೆಟ್ಟಿಲು ಹತ್ತಿದ ಮಹಾನುಭಾವರೂ ಇದ್ದಾರೆ. ಹೊರದೇಶದಲ್ಲಿ ಬಂಡವಾಳ ಹೂಡಿ, ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆದು ಅಲ್ಲೇ ನೆಲೆಸಬೇಕೆನ್ನುವವರು ವೀಸಾ ಅರ್ಜಿಯ ಜೊತೆ ಒಂದು ವ್ಯಾಪಾರ ಯೋಜನೆ ಕೊಡಬೇಕು. ಅದನ್ನು ಬರೆದುಕೊಡುವುದು ಇವಳ ಕಸುಬು. ಅಂಗಡಿ ಹೇಗೆ ಬೆಳೆಯುತ್ತದೆ, ಆ ಊರಿನವರಿಗೆ ಎಷ್ಟು ಕೆಲಸ ಸಿಗುತ್ತದೆ, ಅಕ್ಕಪಕ್ಕದ ಪೈಪೋಟಿ ಎಂಥದ್ದು, ಎಲ್ಲವನ್ನೂ ಇನ್ನೂ ಬಾಗಿಲೇ ತೆರೆಯದ ಅಂಗಡಿಯ ಬಗ್ಗೆ ಬರೆಯಬೇಕು.

"ಗಾಳಿಗೋಪುರಕ್ಕೆ ಕಿಟಕಿ ಬಾಗಿಲು ಇಡೋ ಕೆಲ್ಸ ನಂದು" ಎಂದು ಅವಳೇ ನಗುತ್ತಾಳೆ.

ತಮಾಷೆ ಹಾಗಿರಲಿ, ಕೆಲಸದಲ್ಲಿ ಬಲು ಖಡಕ್ಕು. ಬರೆದುಕೊಟ್ಟು ಕೈತೊಳೆದುಕೊಳ್ಳುವವಳಲ್ಲ. ಸಂದರ್ಶನಕ್ಕೆ ಮುಂಚೆ ಅರ್ಜಿದಾರನನ್ನು ಎದುರಿಗೆ ಕೂರಿಸಿ ತಾನೇ ವೀಸಾ ಅಧಿಕಾರಿಯಾಗುತ್ತಾಳೆ. ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲಿಗೇ ಬೆರಳಿಡುತ್ತಾಳೆ. ಮುಳುಗಿಸಿದ ಹಳೆ ಅಂಗಡಿ, ಜಗಳವಾಡಿ ಹೋದ ಪಾಲುದಾರ, ಯಾವುದನ್ನೂ ಬಿಡುವುದಿಲ್ಲ. ಒಬ್ಬ ಕುರ್ಚಿ ಮೇಜಿನ ವ್ಯಾಪಾರಿಯಂತೂ ಬೆವರಿಳಿದು, "ನಾನು ಹೋಗೋದೇ ಬೇಡ ಬಿಡಿ ತಾಯಿ" ಎಂದು ಎದ್ದುನಿಂತಿದ್ದ.

"ಕೂತ್ಕೊಳ್ಳಿ. ಇಲ್ಲಿ ಅತ್ರೆ ಅಲ್ಲಿ ಅಳೋದು ತಪ್ಪುತ್ತೆ" ಎಂದಿದ್ದಳು. ಅವನು ಕಣ್ಣೊರೆಸಿಕೊಂಡು ಕೂತ, ಕಲಿತ, ಹೋದ. ಈಗ ಅಲ್ಲಿ ಸುಖವಾಗಿದ್ದಾನೆ.

ಇಂಥವಳ ಎದುರಿಗೆ ಒಂದು ದಿನ ಅವಳ ತಮ್ಮನೇ ಬಂದು ಕೂತ.

ತಮ್ಮ ಬೇಕರಿಯವನು. ಅಮ್ಮ ತೀರಿಕೊಂಡ ಮೇಲೆ ಇವಳೇ ತಲೆ ಬಾಚಿ, ಗದರಿ ಬೆಳೆಸಿದ ಹುಡುಗ. ಅವನ ಹೆಂಡತಿ ನರ್ಸು. ಇಬ್ಬರಿಗೂ ಹೊಂದಿಬರಲಿಲ್ಲ, ಬೇರೆಯಾದರು. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವಳು ಮಗಳನ್ನು ಕರೆದುಕೊಂಡು ಹೋದಳು. ಕೆಟ್ಟವಳೇನಲ್ಲ, ಮಗು ಅಪ್ಪನ ಜೊತೆ ಮಾತಾಡಲೆಂದು ದಿನವೂ ತಾನೇ ಫೋನ್ ಹಚ್ಚಿಕೊಡುತ್ತಿದ್ದಳು. ಆದರೆ ಫೋನಿನಲ್ಲಿ ಮಗಳ ತಲೆ ನೇವರಿಸಲು ಆಗುತ್ತದೆಯೇ? ಸುಮ್ಮನೆ ನೋಡಿಕೊಂಡು ಬರುತ್ತೇನೆಂದು ಕೇಳಿದ ವೀಸಾ ಸಿಗಲಿಲ್ಲ. ಇಲ್ಲಿಯ ಬೇಕರಿ ಮಾರಿ ಅಲ್ಲೊಂದು ಬೇಕರಿ ತೆರೆಯುವ ದಾರಿಯೊಂದೇ ಉಳಿದಿತ್ತು.

ಮಳಿಗೆ ಹುಡುಕಿದವಳು ಮಗಳೇ. ಶಾಲೆಗೆ ಹೋಗುವ ದಾರಿಯಲ್ಲಿ ಖಾಲಿ ಬಿದ್ದಿದ್ದನ್ನು ನೋಡಿ ಅಪ್ಪನಿಗೆ ವರದಿ ಒಪ್ಪಿಸಿದ್ದಳು. ವೀಸಾ ಇತ್ಯರ್ಥವಾಗುವ ತನಕ ಬೇರೆಯವರಿಗೆ ಕೊಡುವುದಿಲ್ಲವೆಂದು ಮಾಲೀಕನೂ ಒಪ್ಪಿದ್ದ. ಪ್ಲಾನಕ್ಕ ಕಂಪ್ಯೂಟರಿನಲ್ಲಿ ಆ ಬೀದಿಯ ನಕ್ಷೆ ತೆಗೆದು ನೋಡಿದಳು. ಅದೇ ಬೀದಿಯಲ್ಲಿ ಆಗಲೇ ನಾಲ್ಕು ಬೇಕರಿ!

"ಲೋ, ಅಲ್ಲಿ ಬ್ರೆಡ್ ತಿನ್ನೋರಿಗಿಂತ ಮಾಡೋರೇ ಜಾಸ್ತಿ ಇದಾರಲ್ಲೋ. ಬೇರೆ ಬಡಾವಣೇಲಿ ನೋಡೋಣ. ಬಸ್ಸಲ್ಲಿ ಅರ್ಧ ಗಂಟೆ ಅಷ್ಟೇ."

"ಬೇಡಕ್ಕ. ಅದೇ ಅಂಗಡಿ."

"ಬೇರೆ ಯಾರಾದ್ರೂ ಹೀಗಂದಿದ್ರೆ ಆಗ್ಲೇ ಮೆಟ್ಟಿಲು ಇಳಿಸಿರ್ತಿದ್ದೆ."

"ಶಾಲೆ ಬಿಟ್ಟ ತಕ್ಷಣ ನೇರ ಅಂಗಡಿಗೇ ಬರ್ತಾಳಂತೆ. ಕೌಂಟರ್ ಹಿಂದೆ ಕೂತು ಹೋಮ್‌ವರ್ಕ್ ಮಾಡ್ತಾಳಂತೆ. ಕುರ್ಚಿ ಎಲ್ಲಿ ಹಾಕ್ಬೇಕು ಅಂತಾನೂ ಹೇಳಿದಾಳೆ ಕಣಕ್ಕ."

ಪ್ಲಾನಕ್ಕನ ಖಡಕ್ಕುತನವೆಲ್ಲ ಅಲ್ಲಿಗೆ ಕರಗಿತು. ಸುತ್ತಲಿನ ಜನ ಬ್ರೆಡ್ಡಿಗೆಂದು ಬರುವುದೇ ಆ ಬೀದಿಗೆ, ಸಂಜೆ ಬಿಸಿಬಿಸಿ ಬ್ರೆಡ್ ಸಿಗುವ ಅಂಗಡಿ ಮಾತ್ರ ಅಲ್ಲಿಲ್ಲ ಎಂದು ಇದ್ದಬದ್ದ ಜಾಣತನವನ್ನೆಲ್ಲ ಸುರಿದು ಬರೆದಳು.

ಸಂದರ್ಶನದ ತಾಲೀಮಿಗೆ ಕೂತಾಗ ಓವನ್ ಬಗ್ಗೆ ಕೇಳಿದಳು, ಹಿಟ್ಟಿನ ಬಗ್ಗೆ ಕೇಳಿದಳು, ಕೆಲಸಗಾರರ ಬಗ್ಗೆ ಕೇಳಿದಳು. ಆ ಬೀದಿಯೇ ಯಾಕೆ ಎನ್ನುವ ಪ್ರಶ್ನೆ ನಾಲಿಗೆ ತುದಿಗೆ ಬಂತು. ತಮ್ಮನ ಮುಖ ನೋಡಿದಳು. ಕೇಳಿದರೆ ಅತ್ತುಬಿಡುತ್ತಾನೆ ಎಂದು ಗೊತ್ತಿತ್ತು. ಬೇರೆಯವರನ್ನು ಅಳಿಸಿ ಕಲಿಸಿದವಳಿಗೆ ಈ ಒಬ್ಬನನ್ನು ಅಳಿಸಲು ಕರುಳು ಒಪ್ಪಲಿಲ್ಲ.

"ಸಾಕು, ಚೆನ್ನಾಗಿ ಹೇಳ್ದೆ" ಎಂದಳು. ಜೀವಮಾನದಲ್ಲಿ ಯಾರಿಗೂ ಅಂದಿರದ ಮಾತು. ಇದನ್ನು ಪ್ರೀತಿ ಎನ್ನುವವರು ಎನ್ನಲಿ. ನನಗೇನೋ ಅದರಲ್ಲಿ ಅರ್ಧ ಪುಕ್ಕಲುತನವೇ ಕಾಣುತ್ತದೆ.

ಸಂದರ್ಶನ ಮುಗಿಸಿ ತಮ್ಮ ನೇರ ಕೋಣೆಗೆ ಬಂದ. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಸಿದ.

"ಕೊಡಲ್ಲ ಅಂದ್ರಕ್ಕ."

"ಏನು ಕೇಳಿದ್ರೋ?"

"ಎಲ್ಲ ನೀನು ಕೇಳಿದ್ದೇ. ಪಟಪಟ ಹೇಳ್ದೆ. ಕೊನೇಲಿ, ನಾಲ್ಕು ಬೇಕರಿ ಇರೋ ಬೀದೀಲಿ ಐದನೇದು ಯಾಕಪ್ಪ ಅಂದ್ರು. ನೀನು ಬರೆದಿದ್ದು ಬಾಯಿಪಾಠ ಇತ್ತಕ್ಕ, ದೇವರಾಣೆ. ಆದ್ರೆ ಎಷ್ಟು ಮೆತ್ತಗೆ ಕೇಳಿದ್ರು ಅಂದ್ರೆ... ಇಷ್ಟು ದಿನ ಯಾರೂ ಹಾಗೆ ಕೇಳೇ ಇರ್ಲಿಲ್ಲ. ನನ್ನ ಮಗಳು ಆ ದಾರೀಲಿ ಓಡಾಡ್ತಾಳೆ ಸ್ವಾಮಿ ಅಂದ್ಬಿಟ್ಟೆ. ಅತ್ತುಬಿಟ್ಟೆ. ಹಾಗಾದ್ರೆ ನೀವು ಹೋಗ್ತಿರೋದು ವ್ಯಾಪಾರಕ್ಕಲ್ಲ ಅಂದ್ರು."

ಪ್ಲಾನಕ್ಕ ಗೋಡೆಯ ಕಡೆ ತಿರುಗಿ ನಿಂತಳು.

"ತಪ್ಪು ನಂದೇ ಕಣೋ. ನಾನು ಕೇಳ್ಬೇಕಿತ್ತು."

"ನೀನು ಕೇಳಿದ್ರೂ ಅದನ್ನೇ ಹೇಳ್ತಿದ್ದೆ ಬಿಡಕ್ಕ."

"ಹೇಳ್ತಿದ್ದೆ. ಆದ್ರೆ ನನ್ನ ಹತ್ರ ಹೇಳ್ತಿದ್ದೆ" ಎಂದಳು.

ಮಳಿಗೆಯ ಮಾಲೀಕನಿಗೆ ತಿಳಿಸಿದ್ದಾಯಿತು. ಮಗಳಿಗೆ ಹೇಳಲು ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ. ಇವತ್ತು, ನಾಳೆ ಎಂದು ತಳ್ಳುತ್ತಲೇ ಹೋದರು. ಒಂದು ದಿನ ತಮ್ಮ ಕೋಣೆಯ ಮೂಲೆಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಮೇಜಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಪ್ಲಾನಕ್ಕ ಎತ್ತಿಕೊಂಡಳು.

"ಅತ್ತೇ, ಅಪ್ಪನ ಅಂಗಡಿಗೆ ಬಣ್ಣ ಹೊಡೀತಿದಾರೆ! ಅಪ್ಪನೇ ಹೇಳಿ ಮಾಡಿಸ್ತಿರೋದಾ?"

ಎಂಥ ಅಧಿಕಾರಿಯ ಪ್ರಶ್ನೆಗೂ ಉತ್ತರ ಹೊಸೆದುಕೊಡುವವಳು ನಲ್ಲಿಯ ಕಡೆ ತಿರುಗಿ ತಮ್ಮನನ್ನು ನೋಡಿದಳು. ಮಗುವಿಗೆ ಉತ್ತರ ಕೇಳುವ ತಾಳ್ಮೆ ಇರಲಿಲ್ಲ. ಬಣ್ಣ ಯಾವುದೆಂದು ಅಪ್ಪನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡು, ಅದನ್ನು ಅತ್ತೆಗೆ ಮಾತ್ರ ಪಿಸುಗುಟ್ಟಿ ಫೋನ್ ಇಟ್ಟುಬಿಟ್ಟಳು.

"ಏನಂತಕ್ಕ?" ತಮ್ಮ ಟವೆಲಿನಲ್ಲಿ ಮುಖ ಒರೆಸುತ್ತ ಕೇಳಿದ.

"ಅಂಗಡಿಗೆ ಬಣ್ಣ ಹೊಡೀತಿದಾರಂತೆ."

ಮಳಿಗೆ ಬೇರೆ ಯಾರಿಗೋ ಹೋಯಿತೆಂದು ಅವನಿಗೆ ಅರ್ಥವಾಯಿತು. ಟವೆಲನ್ನು ಮತ್ತೆ ಮುಖಕ್ಕೆ ಒತ್ತಿಕೊಂಡ.

"ಯಾವ ಬಣ್ಣ ಅಂತೆ?"

"ಹೇಳ್ಬಾರ್ದಂತೆ ಕಣೋ. ನೀನೇ ಬಂದು ನೋಡ್ಬೇಕಂತೆ."