ಸಂಜೆಗೆ ಮನೆ ಸೇರುತ್ತಿದ್ದ ಕ್ಯಾಪ್ಟನ್

ಅವರ ಮುಖದ ಎಡಭಾಗ ಬಲಭಾಗಕ್ಕಿಂತ ಕಪ್ಪಗಿತ್ತು. ಎಡಗೈಯೂ ಹಾಗೆಯೇ, ಮೊಣಕೈಯಿಂದ ಕೆಳಗೆ ಬಿಸಿಲಿಗೆ ಬೆಂದ ಬಣ್ಣ. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆಯ ಸೀಟಿನಲ್ಲಿ. ಇಪ್ಪತ್ತು ವರ್ಷ ಒಂದೇ ಕಿಟಕಿಯ ಬಿಸಿಲು ಒಂದೇ ಕೆನ್ನೆಗೆ ಬಿದ್ದು ಹಾಗಾಗಿತ್ತು. ಯಾರಾದರೂ ಕೇಳಿದರೆ ನಗುತ್ತಿದ್ದರು. “ಲಾರಿ ಡ್ರೈವರ್‌ಗೆ ಬಲಗಡೆ ಸುಡುತ್ತೆ, ನಮಗೆ ಎಡಗಡೆ. ಅಷ್ಟೇ ವ್ಯತ್ಯಾಸ.”

ಅವರ ಬಲಗಡೆಯ ಸೀಟಿನಲ್ಲಿ ಸಹಪೈಲಟ್ ಆಗಿ ನಾನು ಎರಡು ವರ್ಷ ಕೂತೆ. ನಮ್ಮದು ಪುಟ್ಟ ಕಂಪನಿ. ರೆಕ್ಕೆಗಳಲ್ಲಿ ಫ್ಯಾನು ತಿರುಗುವ ಚಿಕ್ಕ ವಿಮಾನಗಳು, ಬೆಂಗಳೂರಿನಿಂದ ಯಾವುದಾದರೂ ಜಿಲ್ಲಾ ಕೇಂದ್ರಕ್ಕೆ ಹೋಗಿ, ಬಂದು, ಮತ್ತೊಂದು ಊರಿಗೆ ಹೋಗಿ ಬರುವ ಕೆಲಸ. ಅವರ ಮನೆ ಬಿಳೇಕಹಳ್ಳಿಯಲ್ಲಿ, ನಮ್ಮದು ವಸಂತಪುರದಲ್ಲಿ. ಇಬ್ಬರಿಗೂ ಸೇರಿ ಕಂಪನಿ ಒಂದೇ ಕ್ಯಾಬ್ ಕಳಿಸುತ್ತಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ಆ ಉದ್ದದ ದಾರಿಯೇ ನನ್ನ ನಿಜವಾದ ತರಗತಿ. ಡೈರಿ ಸರ್ಕಲ್ ಸಿಗ್ನಲ್‌ನಲ್ಲಿ ಗಾಡಿ ನಿಂತಿತೆಂದರೆ ಪ್ರಶ್ನೆ ಶುರು.

“ಈಗ ತಾನೇ ಮೇಲಕ್ಕೆದ್ದಿದೀವಿ. ಬಲಗಡೆ ಇಂಜಿನ್ ಹೋಯ್ತು. ಏನ್ಮಾಡ್ತೀಯ?”

ನಾನು ತಡವರಿಸುವಷ್ಟರಲ್ಲಿ ಕ್ಯಾಬ್ ಡ್ರೈವರ್ರೇ ಹೇಳಿಬಿಡುತ್ತಿದ್ದ. “ಮೊದ್ಲು ಗಾಬರಿ ಬೀಳಬಾರ್ದು ಸಾರ್. ನೆಟ್ಟಗೆ ಹಾರಿಸ್ಕೊಂಡು ಹೋಗ್ಬೇಕು. ಉಳಿದಿದ್ದೆಲ್ಲ ಆಮೇಲೆ.”

“ನೋಡು, ಇವ್ನಿಗೆ ಲೈಸೆನ್ಸ್ ಕೊಡಿಸ್ಬಹುದು. ನೀನು ಸ್ಟೀರಿಂಗ್ ಹಿಡ್ಕೊ” ಎನ್ನುತ್ತಿದ್ದರು.

ನಮ್ಮ ಸಂಬಳದ ವಿಷಯ ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಉತ್ತರಹಳ್ಳಿಯ ಕಡೆ ಕೊಂಡಿದ್ದ ಸೈಟು ಮಾರಿ, ಸಾಲದ್ದಕ್ಕೆ ಬ್ಯಾಂಕಿನಲ್ಲಿ ಸಾಲವನ್ನೂ ಮಾಡಿ ನನ್ನನ್ನು ವಿಮಾನ ಕಲಿಯಲು ಕಳಿಸಿದ್ದರು. ಕಲಿತು ಬಂದ ಮೇಲೆ ಎರಡು ವರ್ಷ ಕೆಲಸವಿಲ್ಲ. ಸಿಕ್ಕಿದ ಮೇಲೆ, ಹಾರಿದಷ್ಟು ಗಂಟೆಗೆ ಮಾತ್ರ ಸಂಬಳ. ಮಂಜು ಬಿದ್ದು ವಿಮಾನ ರದ್ದಾದರೆ ಆ ದಿನದ ದುಡಿಮೆಯೂ ರದ್ದು. ಆದರೆ ನೆಂಟರ ಮದುವೆಗೆ ಹೋದರೆ, “ಪೈಲಟ್ ಬಂದ, ದಾರಿ ಬಿಡ್ರಪ್ಪಾ” ಎನ್ನುವವರು. ಸಂಬಳ ಎಷ್ಟು ಎಂದು ದೊಡ್ಡಪ್ಪ ಕೇಳಿದಾಗ ನಾನು ನಿಜದ ಮೂರರಷ್ಟು ಹೇಳಿದೆ. ಅಪ್ಪ ಪಕ್ಕದಲ್ಲೇ ಇದ್ದರು. ತಲೆ ತಗ್ಗಿಸಿ ಎಲೆಯಲ್ಲಿದ್ದ ಪಲ್ಯವನ್ನು ಕಲಸುತ್ತಾ ಕೂತರು.

ರಜೆಯ ದಿನಗಳಲ್ಲಿ ನಾನು ಬನಶಂಕರಿಯ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಹೊರಗೆ ಬರುವಾಗ ಎದುರಿಗೆ ಕ್ಯಾಪ್ಟನ್, ಕೈಯಲ್ಲಿ ತರಕಾರಿ ಚೀಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬೋರ್ಡು ಓದಿ, ನನ್ನ ಕೈಗೆ ಅಂಟಿದ್ದ ಚಾಕ್‌ಪುಡಿ ನೋಡಿ, “ಒಳ್ಳೇದು ಕಣೋ. ಪಾಠ ಮಾಡೋನಿಗೆ ಮರೆವು ಬರಲ್ಲ” ಎಂದರಷ್ಟೇ. ಆಮೇಲೆ ಕಾಫಿ ಕುಡಿಸಿದರು. ಆ ವಿಷಯ ಮತ್ತೆ ಎತ್ತಲಿಲ್ಲ.

ದೊಡ್ಡ ಕಂಪನಿಗಳು ಅವರನ್ನು ಎಷ್ಟೋ ಸಲ ಕರೆದಿದ್ದವು. ಹೋಗಿದ್ದರೆ ಸಂಬಳ ನಾಲ್ಕು ಪಟ್ಟು ಆಗುತ್ತಿತ್ತು. ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿಬಿಟ್ಟೆ. “ಮನೆಗೆ ಬಾ, ತೋರಿಸ್ತೀನಿ” ಎಂದರು.

ಮನೆಯಲ್ಲಿ ಅವರ ಅಣ್ಣನಿದ್ದರು. ಅರವತ್ತರ ಹತ್ತಿರದ ವಯಸ್ಸು, ಆದರೆ ಬುದ್ಧಿ ಐದಾರು ವರ್ಷದ ಮಗುವಿನದು. ತಮ್ಮನನ್ನು ಕಂಡೊಡನೆ ಚಪ್ಪಾಳೆ ತಟ್ಟಿ, ತಟ್ಟೆ ತಂದು ಮುಂದೆ ಕೂತರು. ಕ್ಯಾಪ್ಟನ್ ಯೂನಿಫಾರ್ಮ್ ಕೂಡ ಬಿಚ್ಚದೆ ಸಾರನ್ನ ಕಲಸಿ ತುತ್ತು ಮಾಡಿ ಕೊಟ್ಟರು. “ರಾತ್ರಿ ಊಟ ನಾನಿಲ್ದೆ ಮಾಡಲ್ಲ. ನಮ್ಮಮ್ಮ ಹೋಗೋವಾಗ ಇವನ ಕೈ ನನ್ನ ಕೈಗೆ ಕೊಟ್ಟು ಹೋದ್ರು. ದೊಡ್ಡ ವಿಮಾನ ಅಂದ್ರೆ ಇವತ್ತು ದಿಲ್ಲಿ, ನಾಳೆ ದುಬೈ. ನಮ್ಮ ಡಕೋಟಾ ಆದ್ರೆ ಸಂಜೆಗೆ ಮನೆ ಸೇರಿಸುತ್ತೆ.” ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಅಡುಗೆಮನೆಯಿಂದಲೇ ಹೇಳಿದರು: “ನೀನಾದ್ರೂ ಹೋಗಪ್ಪ. ಈ ಕಂಪನಿ ನಂಬ್ಕೊಂಡ್ರೆ ಮದ್ವೆನೂ ಆಗಲ್ಲ ನಿಂಗೆ.”

ನಾನು ಹೋಗಲಿ ಎಂದು ನನಗಿಂತ ಹೆಚ್ಚು ಅವರೇ ಓಡಾಡಿದರು. ದೊಡ್ಡ ಕಂಪನಿಯೊಂದು ಸಹಪೈಲಟ್‌ಗಳನ್ನು ಕರೆದಾಗ ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿಕೊಂಡು ತಯಾರಿ ಮಾಡಿಸಿದರು. ಪರೀಕ್ಷೆ ಪಾಸಾಯಿತು. ಎರಡು ತಿಂಗಳಲ್ಲಿ ಬಂದು ಸೇರಬೇಕೆಂದರು. ಆದರೆ ನಮ್ಮ ಕಂಪನಿಯ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟ ಮೇಲೂ ಒಂದು ವರ್ಷ ದುಡಿಯಬೇಕಿತ್ತು. ಬೇಗ ಬಿಡುಗಡೆ ಕೊಡುವುದು ಬಿಡುವುದು ಕಂಪನಿಯ ಇಷ್ಟ. ರಾಜೀನಾಮೆ ಪತ್ರ ಕೊಟ್ಟು ಕಾಯುತ್ತಿದ್ದೆ.

ಆ ದಿನಗಳಲ್ಲೇ ಅದು ಆದದ್ದು. ಬಯಲುಸೀಮೆಯ ಒಂದು ಊರಿನಿಂದ ಮಧ್ಯಾಹ್ನ ಬೆಂಗಳೂರಿಗೆ ಹೊರಡಬೇಕು. ಜನರೆಲ್ಲ ಕೂತಾಗಿತ್ತು, ಇಂಜಿನ್ ಚಾಲೂ ಆಗಿತ್ತು. ಇದ್ದಕ್ಕಿದ್ದಂತೆ ಕಾಕ್‌ಪಿಟ್‌ನಲ್ಲಿ ವೈರು ಸುಟ್ಟಂಥ ವಾಸನೆ. ಅರ್ಧ ನಿಮಿಷವೂ ಇರಲಿಲ್ಲ. ಯಾವ ಕೆಂಪು ದೀಪವೂ ಹತ್ತಲಿಲ್ಲ.

“ನಿಂಗೂ ಬಂತಾ?” ಎಂದರು.

“ಬಂತು ಸಾರ್.”

“ಹಾಗಾದ್ರೆ ಹೋಗೋದು ಬೇಡ.”

ಇಂಜಿನ್ ನಿಲ್ಲಿಸಿ, ಅವರೇ ಹೊರಗೆ ಹೋಗಿ, ಪ್ರಯಾಣಿಕರಿಗೆ ಕೈಮುಗಿದು ಕ್ಷಮೆ ಕೇಳಿದರು. ಬೈಗುಳ ತಿಂದರು. ಬೆಂಗಳೂರಿನಿಂದ ಬಂದ ಇಂಜಿನಿಯರುಗಳು ಎಲ್ಲ ಬಿಚ್ಚಿ ನೋಡಿದರು, ಏನೂ ಸಿಗಲಿಲ್ಲ. ಆ ವಾಸನೆ ಎಲ್ಲಿಂದ ಬಂತೆಂದು ಇಂದಿಗೂ ನನಗೆ ಗೊತ್ತಿಲ್ಲ.

ವಾರದ ನಂತರ ಕಂಪನಿಯ ಕಚೇರಿಗೆ ಬರುವಂತೆ ನನಗೆ ಕರೆ ಬಂತು. ಅಲ್ಲಿನ ದೊಡ್ಡ ಅಧಿಕಾರಿ ನನಗೆ ಚಹಾ ತರಿಸಿದರು. ಕ್ಯಾಪ್ಟನ್ ಈ ಹಿಂದೆಯೂ, ದಣಿದ ಪೈಲಟ್‌ಗಳನ್ನು ಹಾರಿಸುವುದು ತಪ್ಪೆಂದು ಎರಡು ಸಲ ಬರೆದುಕೊಟ್ಟವರು. ಅವರ ಮೇಲೆ ಕಂಪನಿಗೆ ಮೊದಲೇ ಕಣ್ಣಿತ್ತು.

“ಅವ್ರಿಗೆ ವಾಸನೆ ಬಂತಂತೆ. ನಿಮ್ಗೂ ಬಂತಾ?” ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಮೇಜಿನ ಮೇಲಿದ್ದ ನನ್ನ ರಾಜೀನಾಮೆ ಪತ್ರವನ್ನು ಇತ್ತ ತಿರುಗಿಸಿದರು. “ಯೋಚ್ನೆ ಮಾಡಿ ಬರೀರಿ. ಇದಕ್ಕೂ ಇವತ್ತೇ ಸೈನ್ ಹಾಕ್ಬಹುದು.”

ಯಾರೂ ನನ್ನನ್ನು ಹೆದರಿಸಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಅಪ್ಪನ ಸೈಟು ನೆನಪಾಯಿತು, ಬ್ಯಾಂಕಿನ ಕಂತು ನೆನಪಾಯಿತು ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಕಣ್ಣಮುಂದೆ ಇದ್ದದ್ದು ದೊಡ್ಡ ಕಂಪನಿಯ ಯೂನಿಫಾರ್ಮ್. ‘ನನಗೆ ಯಾವುದೇ ವಾಸನೆ ಬರಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬಿಡುಗಡೆ ಪತ್ರ ಹಿಡಿದುಕೊಂಡು ಹೊರಗೆ ಬಂದೆ.

ವಿಚಾರಣೆ ನಡೆದು, ಕ್ಯಾಪ್ಟನ್ ಸುಳ್ಳು ನೆಪ ಹೇಳಿ ವಿಮಾನ ನಿಲ್ಲಿಸಿದರೆಂದು ತೀರ್ಮಾನವಾಯಿತು. ಅವರನ್ನು ಎಡಗಡೆಯ ಸೀಟಿನಿಂದ ಇಳಿಸಿ, ಉತ್ತರದ ಒಂದು ಊರಿಗೆ ವರ್ಗ ಮಾಡಿದರು. ಅಲ್ಲಿಂದ ಸಂಜೆಗೆ ಮನೆ ಸೇರುವ ಮಾತೇ ಇಲ್ಲ. ಅವರು ಕೆಲಸ ಬಿಟ್ಟರು. ಬೇಡವಾದವರಿಗೆ ಕಂಪನಿ ಒಂದು ವರ್ಷದ ನಿಯಮ ಹೇಳಲಿಲ್ಲ. ಜೆ.ಪಿ. ನಗರದಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ಪೈಲಟ್ ಪರೀಕ್ಷೆ ಬರೆಯುವ ಮಕ್ಕಳಿಗೆ ಪಾಠ ಹೇಳತೊಡಗಿದರು.

ನಾನು ಹೊಸ ಕಂಪನಿ ಸೇರಿದೆ. ತರಬೇತಿ ಮುಗಿದ ದಿನ ಅಲ್ಲಿನ ಮುಖ್ಯಸ್ಥೆ ನನ್ನ ಫೈಲು ತಿರುವುತ್ತಾ, “ನಿಮ್ಮ ಹಳೇ ಕ್ಯಾಪ್ಟನ್ ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ” ಎಂದು ಒಂದು ಪತ್ರ ತೋರಿಸಿದರು. ‘ಈ ಹುಡುಗನ ಪಕ್ಕದಲ್ಲಿ ಕೂತು ಹಾರಲು ನನಗೆ ಯಾವತ್ತೂ ಭಯವಾಗಲಿಲ್ಲ’ ಎಂದಿತ್ತು. ಕೆಳಗಿನ ತಾರೀಖು ನೋಡಿದೆ. ವಿಚಾರಣೆಯಲ್ಲಿ ನನ್ನ ಹೇಳಿಕೆಯ ಪ್ರತಿಯನ್ನು ಅವರ ಕೈಗೆ ಕೊಟ್ಟ ನಾಲ್ಕು ದಿನಗಳ ಮೇಲೆ ಬರೆದದ್ದು.

ಆ ಭಾನುವಾರವೇ ಜೆ.ಪಿ. ನಗರಕ್ಕೆ ಹೋದೆ. ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದರು. ಕೋಣೆ ಖಾಲಿಯಾಗುವವರೆಗೂ ಕಾದು, “ಸಾರ್, ಆವತ್ತು ನಾನು ಸುಳ್ಳು ಬರೆದೆ” ಎಂದೆ.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. “ನಂಗೆ ಗೊತ್ತಲ್ಲಪ್ಪ. ನಾನೂ ಅಲ್ಲೇ ಇದ್ನಲ್ಲ. ಗೊತ್ತಿರೋನಿಗೆ ಹೇಳಿ ಏನು ಬಂತು? ಗೊತ್ತಿಲ್ದೇ ಇರೋರಿಗೆ ಹೇಳು.”

“ಹೇಳ್ತೀನಿ ಸಾರ್” ಎಂದೆ. ಅವರು ಹಳೇ ಕಂಪನಿಯ ವಿಷಯ ಹೇಳುತ್ತಿದ್ದಾರೆಂದುಕೊಂಡೆ. ಕಂಪನಿಗೆ ಒಂದು ಪತ್ರ ಬರೆಯಲು ಕೂತು, ನನ್ನ ಲೈಸೆನ್ಸಿಗೆ ಏನಾಗಬಹುದೋ ಎಂದು ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಹೀಗೆ ಮೂರು ವರ್ಷ. ಬಿಳೇಕಹಳ್ಳಿಯ ಕಡೆಗೂ ಹೋಗುವುದನ್ನು ಬಿಟ್ಟೆ. ಹಬ್ಬಕ್ಕೆ ಮೆಸೇಜ್ ಮಾತ್ರ. ಅದಕ್ಕೆ ಅವರ ಉತ್ತರ ತಪ್ಪದೆ ಬರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದ ಕ್ಯಾಪ್ಟನ್ ಹಾಗೇ ಒರಗಿ, ಹೋಗಿಬಿಟ್ಟರಂತೆ. ನಾನು ಬೇರೆ ಊರಲ್ಲಿದ್ದೆ. ಹಳೆಯ ಕ್ಯಾಬ್ ಡ್ರೈವರ್ ಫೋನ್ ಮಾಡಿ ಅಳುತ್ತಿದ್ದ. ಮೂರನೆಯ ದಿನ ಹೋದೆ. ಅವರ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆಂಟಿ ನನ್ನನ್ನು ಕೂರಿಸಿ, ದೊಡ್ಡ ಕಂಪನಿ ಹೇಗಿದೆ, ಅಪ್ಪ ಹೇಗಿದ್ದಾರೆ ಎಂದು ವಿಚಾರಿಸಿದರು. ಆ ಪ್ರೀತಿಯನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಆಂಟಿ ಎದ್ದು, ಭಾವನವರ ಹೊದಿಕೆ ಸರಿಮಾಡಿ ಬಂದು ಕೂತರು.

“ಆವತ್ತು ಪಕ್ಕದಲ್ಲಿ ಯಾರಿದ್ರು ಅಂತ ಇವ್ರನ್ನ ಎಷ್ಟೋ ಸಲ ಕೇಳ್ದೆ. ನೆನಪಿಲ್ಲ ಅಂದ್ಬಿಟ್ರು” ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು. “ಅಂದ್ರೆ, ನಿಜವಾಗ್ಲೂ ವಾಸನೆ ಬಂದಿತ್ತಾ?”

“ಬಂದಿತ್ತು ಆಂಟಿ. ನಂಗೂ ಬಂದಿತ್ತು.”

“ನಾನು ನಂಬಿರ್ಲಿಲ್ಲ ಕಣಪ್ಪ. ಪಕ್ಕದಲ್ಲಿದ್ದೋರಿಗೇ ಬರ್ಲಿಲ್ಲ ಅಂದ್ಮೇಲೆ ಇವ್ರದೇ ಹಟ ಅಂದ್ಕೊಂಡಿದ್ದೆ. ನಿಮ್ಮ ಹಟದಿಂದ ಮನೆ ಹಾಳಾಯ್ತು ಅಂತ ಬಾಯಿ ಬಿಟ್ಟು ಅಂದೂ ಇದ್ದೆ. ಸುಮ್ನೆ ಕೇಳಿಸ್ಕೊಂಡ್ರು.” ಸೆರಗಿನಿಂದ ಕಣ್ಣೊತ್ತಿಕೊಂಡರು. “ಅವ್ರು ಇದ್ದಾಗ್ಲೇ ಬಂದು ಹೇಳ್ಬಹುದಿತ್ತಲ್ಲಪ್ಪ.”

ಹೇಳಬಹುದಿತ್ತು. ವಸಂತಪುರದಿಂದ ಬಿಳೇಕಹಳ್ಳಿ ಎಷ್ಟು ದೂರ? ಭಾನುವಾರವಾದರೆ ಅರ್ಧ ಗಂಟೆಯ ದಾರಿ.