ಚಿಗುರಿನ ವಾಸನೆ

ಮೇಪಲ್ ರಸ ಕಾಯಿಸುವ ಪಾಕದ ಮನೆಯಲ್ಲೇ ಒಂದು ದಿನ ಪ್ರಾಣ ಹೋದೀತು ಎಂದು ದೆನೇಜ್ ಲೆಸಾರಳಿಗೆ ಈಚೆಗೆ ಅನ್ನಿಸತೊಡಗಿತ್ತು. ಮೇಪಲ್ ತೋಪುಗಳ ಬೋಸ್ ಸೀಮೆಯಲ್ಲಿ ಮಾರ್ಚ್ ಬಂತೆಂದರೆ ಯಾರಿಗೂ ಪುರುಸೊತ್ತಿಲ್ಲ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಒಂದಿಷ್ಟು ಬಿಸಿಲು, ಇಷ್ಟಿದ್ದರೆ ಮೇಪಲ್ ಮರಗಳು ರಸ ಸುರಿಸಲು ಶುರುಮಾಡುತ್ತವೆ. ಸುರಿದ ರಸವನ್ನು ಕೂಡಲೇ ಕುದಿಸಿ ಪಾಕ ಮಾಡದಿದ್ದರೆ ಹುಳಿಯಾಗುತ್ತದೆ. ಹಾಗಾಗಿ ಒಲೆ ಆರುವಂತಿಲ್ಲ, ಕೊಪ್ಪರಿಗೆಯ ಮುಂದಿನಿಂದ ಕದಲುವಂತಿಲ್ಲ. ಸೌದೆ ಒಟ್ಟಬೇಕು, ನೊರೆ ತೆಗೆಯಬೇಕು, ಉಕ್ಕಿ ಬಂದರೆ ಹಂದಿಕೊಬ್ಬಿನ ಚೂರು ಎಸೆದು ಇಳಿಸಬೇಕು. ತಾಯಿ ತೀರಿಕೊಂಡ ವಸಂತದಲ್ಲಿ ಈ ಚಾಕರಿ ದೆನೇಜಳ ಹೆಗಲೇರಿತು. ಆಗ ಅವಳ ತಲೆಯಲ್ಲಿ ಒಂದು ನರೆಗೂದಲೂ ಇರಲಿಲ್ಲ.

ಕಾಡಿನಿಂದ ರಸ ಹೊತ್ತು ತರುವವನು ತಮ್ಮ ಒವಿಲಾ. ಅಕ್ಕ ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಒವಿಲಾನಿಗೆ ಹೆಂಡತಿ ಮಕ್ಕಳೆಲ್ಲ ಆ ಮರಗಳೇ ಎಂದು ಊರು ಆಡಿಕೊಳ್ಳುತ್ತಿತ್ತು, ದೆನೇಜ್ ಅದನ್ನು ನಂಬಿದ್ದಳು. ಅವಳಿಗಂತೂ ಸಾಕು ಸಾಕಾಗಿತ್ತು. ಹಬೆಯಲ್ಲಿ ನಿಂತು ನಿಂತು ಎದೆ ಕಟ್ಟುತ್ತಿತ್ತು, ಸೌದೆ ಎತ್ತುವ ತೋಳು ರಾತ್ರಿಯಿಡೀ ಸೆಳೆಯುತ್ತಿತ್ತು. ಆದರೆ ಒಲೆ ಆರಿಸಿದರೆ ತಮ್ಮ ಹಾಸಿಗೆ ಹಿಡಿದಾನು ಎಂಬ ಭಯ. ಬಾಯಿ ಮುಚ್ಚಿಕೊಂಡು ಸೌದೆ ಒಟ್ಟಿದಳು.

ಲೆಸಾರರ ಮನೆಯಲ್ಲೊಂದು ಪದ್ಧತಿ. ಮರ ಮೊಗ್ಗೊಡೆಯಲು ಹೊರಟರೆ ರಸ ಕೆಡುತ್ತದೆ, ಪಾಕಕ್ಕೆ ಹಸಿ ಚಿಗುರಿನ ವಾಸನೆ ಬರುತ್ತದೆ. ಅಂಥ ಪಾಕವನ್ನು ನಾಯಿಯೂ ಮೂಸದು. ಅದನ್ನು ಮೊದಲು ಹಿಡಿಯುವುದು ಕಾಯಿಸುವವರ ಮೂಗು. ಹಾಗಾಗಿ ‘ಚಿಗುರು ಬಂತು’ ಎನ್ನುವ ಅಧಿಕಾರ ಅವರೊಬ್ಬರದೇ, ಅಂದ ಕೂಡಲೇ ಆ ವರ್ಷದ ಕೆಲಸ ಮುಗಿಯಿತು. ಬೇರೆ ಯಾರಾದರೂ ಆ ಮಾತೆತ್ತಿದರೆ ಮರ ಮುನಿಯುತ್ತದೆಂದು ತಾಯಿ ಹೆದರಿಸಿ ಹೋಗಿದ್ದಳು.

ಈ ಸಲ ಏಪ್ರಿಲ್ ಶುರುವಿನ ಒಂದು ಸಂಜೆ ದೆನೇಜ್ ನಿಂತಲ್ಲೇ ತೂಕಡಿಸಿದಳು. ಅಂಗೈ ಕೊಪ್ಪರಿಗೆಯ ಅಂಚಿಗೆ ತಗುಲಿ ಚುರ್ ಎಂದಿತು. ಎಚ್ಚೆತ್ತು ಸೌಟಿನಲ್ಲಿ ಪಾಕ ಎತ್ತಿ ಮೂಸಿದಳು. ಒಳ್ಳೆಯ ಪಾಕ, ಘಮಘಮ. ಇನ್ನೂ ಎರಡು ವಾರವಾದರೂ ಹೀಗೇ ಬರುತ್ತದೆ ಎಂದು ತಿಳಿದು ಅವಳಿಗೆ ಅಳು ಬಂತು.

"ಒವಿಲಾ, ಚಿಗುರು ಬಂತು ಕಣೋ."

ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಒವಿಲಾ ಅವಳ ಮುಖ ನೋಡಿದ. "ಇಷ್ಟು ಬೇಗನಾ?"

"ನಿನ್ನ ಕೇಳ್ಕೊಂಡು ಬರುತ್ತಾ ಅದು?"

"ನೀನು ಹೇಳಿದ ಮೇಲೆ ಮುಗೀತು ಬಿಡಕ್ಕ."

ಮರುದಿನ ಅವನು ಮರದಿಂದ ಮರಕ್ಕೆ ಹೋಗಿ ರಸಕ್ಕೆಂದು ಕಟ್ಟಿದ್ದ ಬಕೆಟ್ ಒಂದೊಂದೇ ಇಳಿಸಿ ರಸವನ್ನೆಲ್ಲ ಹಿಮದ ಮೇಲೆ ಸುರಿದ. ದೆನೇಜ್ ಕಿಟಕಿಯಿಂದ ನೋಡಿದಳು, ನೋಡಲಾಗದೆ ಪರದೆ ಎಳೆದಳು. ಮೈ ಮರೆತು ನಿದ್ದೆ ಮಾಡಿದ್ದು ನಿಜ, ನೆಮ್ಮದಿ ಮಾತ್ರ ಬರಲಿಲ್ಲ. ಹಾಳು ಚಳಿ ಮತ್ತೆ ಮರಳಿತು, ರಸ ಮತ್ತೆ ಸುರಿಯಿತು. ಸುತ್ತಲಿನ ಪಾಕದ ಮನೆಗಳ ಮೇಲೆಲ್ಲ ಹಬೆ ಏಳುತ್ತಿತ್ತು. ಅವರದೊಂದೇ ತಣ್ಣಗಿತ್ತು.

ಈಸ್ಟರ್ ಊಟಕ್ಕೆ ಬಳಗವೆಲ್ಲ ಬಂತು. ಮೊದಲೇ ತುಂಬಿಟ್ಟಿದ್ದ ಪಾಕವನ್ನು ಗಟ್ಟಿಯಾಗಿ ಕಾಯಿಸಿ, ಅಂಗಳದ ಹಿಮದ ಮೇಲೆ ಎಳೆ ಎಳೆಯಾಗಿ ಹೊಯ್ದರು. ಎಲ್ಲರೂ ಅದನ್ನು ಕಡ್ಡಿಗೆ ಸುತ್ತಿ ಚೀಪುತ್ತಿದ್ದಾಗ ಪಕ್ಕದ ತೋಪಿನ ರೊಜೇರ್ ದನಿ ಎತ್ತಿದ. ಅವನ ನಾಲಿಗೆಗೆ ಎಲುಬಿಲ್ಲ.

"ಏನು ದೆನೇಜ್, ನಿಮ್ಮ ಮರಕ್ಕೆ ಮಾತ್ರ ವಸಂತ ಬಂತಾ? ನಮ್ಮಲ್ಲಿ ಬಕೆಟ್ ತುಂಬಿ ಚೆಲ್ತಾ ಇದೆ. ಮೂಗಿಗೆ ವಯಸ್ಸಾಯ್ತೋ ಹೇಗೆ?"

ಎಲ್ಲರೂ ನಕ್ಕರು. ದೆನೇಜಳಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಅಷ್ಟರಲ್ಲಿ ಒವಿಲಾ ಬಾಯಿ ಹಾಕಿದ.

"ನಮ್ಮ ತೋಪು ಬಿಸಿಲ ಕಡೆ ಐತಲ್ಲೋ, ಬೇಗ ಚಿಗುರುತ್ತೆ. ನೀನು ಪಾಕ ಚೀಪು, ಹಲ್ಲಾದ್ರೂ ಅಂಟ್ಕೊಳ್ಳಲಿ."

ಲೆಸಾರರ ತೋಪಿದ್ದದ್ದು ಬಿಸಿಲೇ ಕಾಣದ ಬಡಗಣ ಇಳಿಜಾರಿನಲ್ಲಿ. ಅದು ರೊಜೇರನಿಗೂ ಗೊತ್ತು. ಒವಿಲಾ ಸುಳ್ಳು ಹೇಳಿದ್ದನ್ನು ಯಾವತ್ತೂ ಕೇಳದ ಆ ಆಸಾಮಿ ತಲೆ ಕೆರೆದುಕೊಂಡು ಮತ್ತೊಂದು ಕಡ್ಡಿಗೆ ಪಾಕ ಸುತ್ತಿದ.

ನೆಂಟರು ಹೊರಟ ಮೇಲೆ ಇಬ್ಬರೂ ಕೊಪ್ಪರಿಗೆ ಉಜ್ಜಲು ಕುಳಿತರು. ದೆನೇಜಳಿಗೆ ತಡೆಯಲಾಗಲಿಲ್ಲ.

"ಅವತ್ತು ವಾಸನೆ ಬಂದಿರಲಿಲ್ಲ ಕಣೋ."

"ಗೊತ್ತು. ಚೆಲ್ಲೋ ಮುಂಚೆ ಕುಡಿದು ನೋಡಿದೆ. ಈ ವರ್ಷದಲ್ಲೇ ಅಷ್ಟು ಒಳ್ಳೇ ರಸ ಬಂದಿರಲಿಲ್ಲ."

"ಮತ್ತೆ ಯಾಕೋ ಚೆಲ್ಲಿದೆ, ಪಾಪಿ?"

ಒವಿಲಾ ಉಜ್ಜುವುದು ನಿಲ್ಲಿಸಿ ಮಂಡಿ ಹಿಡಿದುಕೊಂಡ. "ಸೊಂಟದವರೆಗೆ ಹಿಮದಲ್ಲಿ ಹೂತ್ಕೊಂಡು ಬಕೆಟ್ ಹೊರೋದು ನನಗೇನು ಸುಖಾನಾ? ಈ ಮಂಡಿ ಹೋಗಿ ಹತ್ತು ವರ್ಷ ಆಯ್ತು. ಚಿಗುರು ಬಂತು ಅಂತ ನಾನು ಹೇಳೋ ಹಾಗಿಲ್ವಲ್ಲ. ಈ ಒಲೆ ಇಲ್ದಿದ್ರೆ ನೀನು ಬದುಕಲ್ಲ ಅಂದ್ಕೊಂಡಿದ್ದೆ."

"ಹತ್ತು ವರ್ಷ! ಬಾಯಿಗೇನು ಬೀಗ ಹಾಕಿತ್ತೇನೋ?" ಒದ್ದೆ ಬಟ್ಟೆಯನ್ನು ಅವನ ಮುಖಕ್ಕೇ ಬೀಸಿದಳು. ಸಿಟ್ಟು ಅಲ್ಲಿಗೇ ಇಳಿದು ಅಳು ಬಂತು, ಅಷ್ಟೂ ವಸಂತಗಳ ದಣಿವು ಒಟ್ಟಿಗೇ ಬಂತು. ಒವಿಲಾ ಮುಖ ಒರೆಸಿಕೊಂಡ.

"ಮುಂದಿನ ವರ್ಷ ರೊಜೇರನ ಹತ್ರ ಪಾಕ ತಗೊಂಡ್ರಾಯ್ತು," ಎಂದ.

"ಅವನದು ಯಾವಾಗ್ಲೂ ಸೀದಿರುತ್ತೆ."

"ಸೀದಿರಲಿ ಬಿಡಕ್ಕ. ನಾವೂ ಒಂದು ಸಲ ಕೂತ್ಕೊಂಡು ತಿನ್ನೋಣ."