ನಾನು ಹೇಳದ ವಿಳಾಸ

ದೆವ್ವ, ಅಶರೀರವಾಣಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮತ್ತೆ ಅಂಥ ಕಥೆ ಶುರು ಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗ ಸುಮ್ಮನೆ ಕೂತು ಕೇಳುತ್ತೇನೆ. ನಂಬುತ್ತೇನೋ ಇಲ್ಲವೋ, ನನ್ನನ್ನು ಕೇಳಬೇಡಿ.

ಮೊದಲು ಕೊರಿಯರ್ ಕಚೇರಿಯಲ್ಲಿ, ಆಮೇಲೆ ಟ್ಯಾಕ್ಸಿ ಕಂಪನಿಯಲ್ಲಿ ಗಾಡಿ ಕಳಿಸುವ ಕೆಲಸವನ್ನೇ ಮಾಡಿದವಳು ನಾನು. ಅಲ್ಲಿ ತಪ್ಪಾದರೆ ಬೈಗುಳ, ಅಷ್ಟೇ. ಚಾಮರಾಜಪೇಟೆಯ ಒಂದು ಖಾಸಗಿ ಆಂಬುಲೆನ್ಸ್ ಸರ್ವೀಸಿಗೆ ಸೇರಿದ ಮೇಲೆ ಹಾಗಲ್ಲ, ತಪ್ಪಾದರೆ ಜೀವವೇ ಹೋದೀತು. ಅಲ್ಲೊಂದು ಪದ್ಧತಿಯಿತ್ತು. ನಾನು ವೈರ್‌ಲೆಸ್ಸಿನಲ್ಲಿ ಹೇಳಿದ ವಿಳಾಸವನ್ನು ಡ್ರೈವರ್ ತಿರುಗಿ ಹೇಳಬೇಕು, ನಾನು "ಸರಿ, ಹೊರಡಿ" ಎನ್ನಬೇಕು. ಆಮೇಲೇ ಗಾಡಿ ಹೊರಡುವುದು.

ಒಂದು ಮಧ್ಯಾಹ್ನ ಎನ್.ಆರ್. ಕಾಲೋನಿಯಿಂದ ಕರೆ ಬಂತು. ಹಿರಿಯರೊಬ್ಬರಿಗೆ ಎದೆನೋವು. ನಮ್ಮ ಹಳೇ ಡ್ರೈವರ್ ಪುಟ್ಟಸ್ವಾಮಣ್ಣ ವಿಳಾಸ ತಿರುಗಿ ಹೇಳಿದರು, ನಾನು ಸರಿ ಎಂದೆ. ಆಮೇಲೆ ಮೈಕ್ ಮುಟ್ಟಲಿಲ್ಲ. ಪಕ್ಕದ ಸೀಟಿನ ಶೋಭಾ ಜೊತೆ ಡಬ್ಬಿ ಬಿಚ್ಚಿ ಕೂತಿದ್ದೆ, ಕೈಯೆಲ್ಲ ಮೊಸರನ್ನ.

ಸ್ವಲ್ಪ ಹೊತ್ತಿಗೆ ಹಿರಿಯರ ಮಗನ ಫೋನು. "ಎಲ್ರೀ ನಿಮ್ ಗಾಡಿ? ನಮ್ಮಪ್ಪಂಗೆ ಉಸಿರಾಡಕ್ಕೇ ಆಗ್ತಿಲ್ಲ!"

ಪುಟ್ಟಸ್ವಾಮಣ್ಣನನ್ನು ಕರೆದೆ. "ನೀವೇ ತಾನೇ ಮೇಡಂ, ಅದು ಬಿಟ್ಟು ಗಾಂಧಿ ಬಜಾರ್ ಹಿಂದಿನ ಮನೆಗೆ ಹೋಗಿ ಅಂದಿದ್ದು? ಮಗೂಗೆ ಫಿಟ್ಸ್. ಆಸ್ಪತ್ರೆ ಬಾಗಿಲಲ್ಲಿದೀನಿ" ಎಂದರು.

ತಕ್ಷಣ ಕಾಲೋನಿಗೆ ಇನ್ನೊಂದು ಗಾಡಿ ಕಳಿಸಿದೆ. ಹಿರಿಯರು ಬದುಕಿದರು, ಆದರೆ ತುಂಬ ದಿನ ಐಸಿಯುನಲ್ಲಿ ನರಳಿದರು. ಮಗುವೂ ಉಳಿಯಿತು. ಆ ಮಗುವಿನ ಮನೆಯವರು ನಮಗೆ ಫೋನೇ ಮಾಡಿರಲಿಲ್ಲ. ತಾಯಿ ಮಗುವನ್ನೆತ್ತಿಕೊಂಡು ಬೀದಿಗೆ ಓಡಿಬಂದಾಗ ನಮ್ಮ ಗಾಡಿ ಗೇಟಿನ ಮುಂದೆ ಆಗಲೇ ನಿಂತಿತ್ತಂತೆ.

ಮರುದಿನ ಹಿರಿಯರ ಮಗ ಆಫೀಸಿಗೇ ಬಂದು, ಡ್ರೈವರನ್ನು ಕೆಲಸದಿಂದ ತೆಗೆಯಲೇಬೇಕೆಂದು ಪಟ್ಟು ಹಿಡಿದರು. ಮಾಲೀಕರು ಪುಟ್ಟಸ್ವಾಮಣ್ಣನನ್ನೂ ಶೋಭಾಳನ್ನೂ ನನ್ನನ್ನೂ ಕರೆಸಿದರು.

"ಆ ಎರಡನೇ ಅಡ್ರೆಸ್ಸೂ ನಾನ್ ತಿರುಗಿ ಹೇಳ್ದೆ ಸರ್. ಸರಿ, ಹೊರಡಿ ಅಂದ್ರು. ಮೇಡಂ ಧ್ವನಿ ನಂಗೊತ್ತಾಗಲ್ವಾ?" ಎಂದರು ಪುಟ್ಟಸ್ವಾಮಣ್ಣ. ಅವರ ಕಣ್ಣು ತುಂಬಿತ್ತು. ಸುಳ್ಳು ಹೇಳುವ ಮನುಷ್ಯರಲ್ಲ. ಇಬ್ಬರು ಹೆಣ್ಣುಮಕ್ಕಳ ಓದು ಅವರ ಸಂಬಳದಲ್ಲೇ ನಡೆಯಬೇಕಿತ್ತು. ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮೈಕ್ ಮುಟ್ಟಿಲ್ಲವೆಂದು ಅವಳಿಗೂ ಗೊತ್ತಿತ್ತು.

"ನೀನು ಹೇಳಿದ್ಯೇನಮ್ಮ?" ಎಂದರು ಮಾಲೀಕರು.

"ಹೌದು ಸರ್, ನಾನೇ ಹೇಳ್ದೆ" ಎಂದೆ.

ಕೆಲಸ ನನ್ನದು ಹೋಯಿತು. ಪುಟ್ಟಸ್ವಾಮಣ್ಣನನ್ನು ಉಳಿಸಲು ಒಂದು ಸುಳ್ಳು ಹೇಳಿದೆ ಎಂದು ಮನೆಯಲ್ಲಿ ಎಲ್ಲರಿಗೂ ತಿಳಿಸಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಮಾತು ಬಾಯಿಂದ ಹೊರಟಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ.